ಆಸ್ಟ್ರೇಲಿಯಾವನ್ನು ಸೋಲಿಸೋಣ, ‘ಕಳ್ಳರ ಸಂತಾನ’ ಅನ್ನುವುದನ್ನು ಬಿಡೋಣ

ಪ್ರೀತಿಯ ಕ್ರಿಕೆಟ್ ಅಭಿಮಾನಿಗಳೇ, ಟ್ರೋಲ್ ಪೇಜ್ ನಡೆಸುವ ಗೆಳೆಯರೇ, ಕ್ರೀಡಾ ಸುದ್ದಿಗೆ ತಲೆಬರಹ ಕೊಡುವ ಪತ್ರಕರ್ತ ಮಿತ್ರರೇ,

ನಮಸ್ಕಾರ.

ಆಸ್ಟ್ರೇಲಿಯಾ ಜೊತೆ ಸರಣಿ ಶುರುವಾಯಿತು ಅಂದರೆ ಸಾಕು, ನಮ್ಮ ಕನ್ನಡದ ಪೇಜ್‌ಗಳ ಕಾಮೆಂಟ್‌ಗಳಲ್ಲಿ ‘ಕಳ್ಳರ ಸಂತಾನ’ ಅನ್ನುವ ಮಾತು ತಪ್ಪದೆ ಬರುತ್ತದೆ. ಒಂದು ಕಾಲದಲ್ಲಿ ಬ್ರಿಟನ್ ತನ್ನ ಕೈದಿಗಳನ್ನು ಆ ದೇಶಕ್ಕೆ ಸಾಗಿಸಿತ್ತು, ಅದನ್ನೇ ಹಿಡಿದು ಆಡುವ ಮಾತು ಇದು. ಸೋತರೆ ಜಾಸ್ತಿ, ಗೆದ್ದರೂ ಬಿಡುವುದಿಲ್ಲ. 2018ರಲ್ಲಿ ಕೇಪ್‌ಟೌನ್‌ನಲ್ಲಿ ಅವರ ಆಟಗಾರ ಚೆಂಡಿಗೆ ಸ್ಯಾಂಡ್‌ಪೇಪರ್ ಉಜ್ಜಿ ಸಿಕ್ಕಿಬಿದ್ದಾಗಲಂತೂ ‘ರಕ್ತದಲ್ಲೇ ಬಂದಿದೆ ಬಿಡಿ’ ಅಂತ ಬರೆದವರಿಗೆ ಲೆಕ್ಕವೇ ಇರಲಿಲ್ಲ. ಈ ಮಾತನ್ನು ದಯವಿಟ್ಟು ಕೈಬಿಡಿ ಅಂತ ಕೇಳಿಕೊಳ್ಳಲು ಈ ಪತ್ರ.

ಬೈಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮೋಸ ಮಾಡಿದ ಆಟಗಾರನನ್ನು ಬೈಯಿರಿ, ಕೆಟ್ಟ ತೀರ್ಪು ಕೊಟ್ಟರೆ ರೇಗಿ. 2021ರ ಜನವರಿಯಲ್ಲಿ ಸಿಡ್ನಿ ಮೈದಾನದಲ್ಲಿ ಕೆಲವು ಪ್ರೇಕ್ಷಕರು ಸಿರಾಜ್ ಮೇಲೆ ಕೂಗಾಡಿ, ಆಟವನ್ನೇ ನಿಲ್ಲಿಸಬೇಕಾಗಿ ಬಂತಲ್ಲ, ಆಗ ಇದೇ ಊರಿನಲ್ಲಿರುವ ನನಗೂ ಹೊಟ್ಟೆ ಉರಿದಿತ್ತು. ಕ್ರಿಕೆಟ್ ಆಸ್ಟ್ರೇಲಿಯಾ ಕ್ಷಮೆ ಕೇಳಿತು, ಕೆಲವರನ್ನು ಹೊರಗೂ ಹಾಕಿದರು. ಅವತ್ತು ನಮಗೆ ನೋವಾಗಿದ್ದು ಯಾಕೆ? ಒಬ್ಬ ಬೌಲರ್‌ನ ಆಟವನ್ನು ಬಿಟ್ಟು ಅವನನ್ನೇ ಕೀಳು ಮಾಡಿದರು ಅಂತ ಅಲ್ವಾ? ಹಾಗಿದ್ದರೆ ನಾವು ಅದನ್ನೇ ತಿರುಗಿಸಿ ಮಾಡುವುದು ಯಾವ ನ್ಯಾಯ?

ನಾನು ಸಿಡ್ನಿಯ ಪಶ್ಚಿಮಕ್ಕಿರುವ ಟೂಂಗಾಬಿಯಲ್ಲಿ ಸಂಸಾರ ಮಾಡಿಕೊಂಡಿದ್ದೇನೆ. ಸುತ್ತಮುತ್ತ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ನಾವೆಲ್ಲ ಮನೆ ಕಟ್ಟಿಕೊಂಡಿರುವ ಈ ನೆಲದಲ್ಲಿ 1790ರ ದಶಕದಲ್ಲಿ ಸರ್ಕಾರಿ ತೋಟ ಇತ್ತು. ಕಾಡು ಕಡಿದು, ಬುಡ ಕಿತ್ತು, ಗುದ್ದಲಿಯಲ್ಲಿ ಅಗೆದು ಮೆಕ್ಕೆಜೋಳ, ಗೋಧಿ ಬೆಳೆದವರು ಬ್ರಿಟನ್ನಿನಿಂದ ಹಡಗಿನಲ್ಲಿ ತಂದು ಇಳಿಸಿದ ಕೈದಿಗಳು. ಉಳುವುದಕ್ಕೆ ಸಾಕಷ್ಟು ಎತ್ತುಗಳಿರಲಿಲ್ಲ. ಎತ್ತಿನ ಕೆಲಸವನ್ನೂ ಮನುಷ್ಯರೇ ಮಾಡಬೇಕಿತ್ತು. ಟೂಂಗಾಬಿ ಅಂದರೆ ಕೈದಿಗಳು ಹೆದರುತ್ತಿದ್ದ ಕಾಲ ಅದು.

ಇವರು ಇಲ್ಲಿಗೆ ಬಂದಿದ್ದಾದರೂ ಹೇಗೆ? ಅದಕ್ಕೂ ಮೊದಲು ಬ್ರಿಟನ್ ತನ್ನ ಕೈದಿಗಳನ್ನು ಅಮೆರಿಕಕ್ಕೆ ಸಾಗಿಸುತ್ತಿತ್ತು. ಅಮೆರಿಕ ಸ್ವತಂತ್ರವಾದ ಮೇಲೆ ಆ ದಾರಿ ಮುಚ್ಚಿತು. ಜೈಲು ತುಂಬಿ, ಥೇಮ್ಸ್ ನದಿಯಲ್ಲಿ ನಿಲ್ಲಿಸಿದ್ದ ಹಳೆಯ ಹಡಗುಗಳಲ್ಲಿ ಕೈದಿಗಳನ್ನು ತುರುಕಿದರು. ಅದೂ ಸಾಲದಾದಾಗ ಕಂಡದ್ದು ಆಸ್ಟ್ರೇಲಿಯಾ. 1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ 11 ಹಡಗುಗಳು ಹೊರಟವು. 1788ರ ಜನವರಿ 26ರಂದು ಸಿಡ್ನಿ ಕೋವ್‌ನಲ್ಲಿ ಬಾವುಟ ನೆಟ್ಟರು. ಅಲ್ಲಿಂದ 1868ರವರೆಗೆ, 80 ವರ್ಷಗಳಲ್ಲಿ, ಸುಮಾರು 1,62,000 ಜನರನ್ನು ಹೀಗೆ ಸಾಗಿಸಿದರು. ಅದರಲ್ಲಿ ಹೆಂಗಸರು ಸುಮಾರು 25,000.

ಅವರಲ್ಲಿ ಜಾಸ್ತಿ ಜನ ಕಳ್ಳತನದ ಮೇಲೇ ಬಂದವರು. ಇದನ್ನು ಮುಚ್ಚಿಡಲು ಹೋಗುವುದಿಲ್ಲ. ಆದರೆ ಅವತ್ತಿನ ಇಂಗ್ಲೆಂಡಿನ ಕಾನೂನು ನೋಡಬೇಕು ನೀವು. ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಶಿಕ್ಷೆ ಇತ್ತು. ಅಂಗಡಿಯಿಂದ ಐದು ಶಿಲ್ಲಿಂಗ್ ಬೆಲೆಯ ಸಾಮಾನು ಕದ್ದರೆ ಗಲ್ಲು. 1808ರವರೆಗೂ ಜೇಬಿನಿಂದ ಒಂದು ಶಿಲ್ಲಿಂಗ್‌ಗಿಂತ ಜಾಸ್ತಿ ಬೆಲೆಯದ್ದನ್ನು ಎಗರಿಸಿದರೂ ಗಲ್ಲು. ಇನ್ನೊಂದು ಕಡೆ ಊರಿನ ಗೋಮಾಳದಂಥ ಭೂಮಿಗೆಲ್ಲ ದೊಡ್ಡ ಜಮೀನ್ದಾರರು ಬೇಲಿ ಹಾಕಿಕೊಂಡಿದ್ದರು. ದನ ಮೇಯಿಸಿ, ಸೌದೆ ಆಯ್ದು ಬದುಕುತ್ತಿದ್ದವರು ಲಂಡನ್, ಮ್ಯಾಂಚೆಸ್ಟರ್ ಬೀದಿಗಳಿಗೆ ಬಂದು ಬಿದ್ದರು. ಊರಿನ ಭೂಮಿಯನ್ನೇ ನುಂಗಿದವರಿಗೆ ಕಾನೂನು ಬೆಂಗಾವಲಾಯಿತು. ಕರವಸ್ತ್ರ ಕದ್ದವನಿಗೆ ಅದೇ ಕಾನೂನು ನೇಣು ತೋರಿಸಿತು. ಗಲ್ಲಿನಿಂದ ಉಳಿದವರಿಗೆ ಏಳು ವರ್ಷ, ಹದಿನಾಲ್ಕು ವರ್ಷ ಇಲ್ಲವೇ ಜೀವಮಾನದ ಗಡಿಪಾರು. ಅವಧಿ ಮುಗಿದ ಮೇಲೂ ವಾಪಸ್ ಹೋಗಲು ಹಡಗಿನ ದುಡ್ಡು ಎಲ್ಲಿಂದ ಬರಬೇಕು? ಏಳು ವರ್ಷದ ಶಿಕ್ಷೆಯೂ ಬಹಳಷ್ಟು ಜನರಿಗೆ ಊರು ಶಾಶ್ವತವಾಗಿ ಬಿಟ್ಟಂತೆಯೇ ಆಯಿತು.

ಮೇರಿ ವೇಡ್ ಅನ್ನುವ ಹುಡುಗಿಯ ಕಥೆ ಕೇಳಿ. ಲಂಡನ್ನಿನ ಬೀದಿ ಗುಡಿಸಿ, ಭಿಕ್ಷೆ ಬೇಡಿ ಬದುಕುತ್ತಿದ್ದ ಮಗು. ಇನ್ನೊಬ್ಬ ಹುಡುಗಿಯ ಜೊತೆ ಸೇರಿ ಒಂದು ಚಿಕ್ಕ ಮಗುವಿನ ಫ್ರಾಕ್, ಟೋಪಿ ಕಿತ್ತುಕೊಂಡು, ಫ್ರಾಕನ್ನು ಗಿರವಿ ಅಂಗಡಿಯಲ್ಲಿ ಇಟ್ಟಳು. 1789ರ ಜನವರಿಯಲ್ಲಿ ಅವಳಿಗೆ ಗಲ್ಲು ಶಿಕ್ಷೆ ಆಯಿತು. ಆಗ ಅವಳಿಗೆ 11 ವರ್ಷ. ಮೂರನೇ ಜಾರ್ಜ್ ರಾಜನ ಕಾಯಿಲೆ ವಾಸಿಯಾದ ಖುಷಿಗೆ ಗಲ್ಲಿಗೆ ಕಾಯುತ್ತಿದ್ದ ಹೆಂಗಸರ ಶಿಕ್ಷೆಯನ್ನು ಗಡಿಪಾರಿಗೆ ಇಳಿಸಿದರು, ಇವಳೂ ಉಳಿದುಕೊಂಡಳು. 1790ರ ಜೂನ್‌ನಲ್ಲಿ ‘ಲೇಡಿ ಜೂಲಿಯಾನಾ’ ಹಡಗಿನಲ್ಲಿ ಸಿಡ್ನಿಗೆ ಬಂದು ಇಳಿದಳು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನು ಕಂಡು 1859ರಲ್ಲಿ ತೀರಿಕೊಂಡಳು. ಈ ದೇಶದ ಪ್ರಧಾನಿಯಾಗಿದ್ದ ಕೆವಿನ್ ರಡ್ ಅವಳ ವಂಶದವರು. ‘ಕಳ್ಳರ ಸಂತಾನ’ ಅಂತ ಟೈಪ್ ಮಾಡುವಾಗ ನಾವು ಕಲ್ಲು ಎಸೆಯುತ್ತಿರುವುದು ಇಂಥ ಮಗುವಿನ ಮೇಲೆ. ಮೊದಲ 11 ಹಡಗುಗಳಲ್ಲೇ ಜಾನ್ ಹಡ್ಸನ್ ಅಂತ ಒಬ್ಬ ಹುಡುಗ ಇದ್ದ. ಚಿಮಣಿ ಒಳಗೆ ಇಳಿದು ಮಸಿ ಕೆರೆಯುವ ಕೆಲಸ ಅವನದ್ದು. ಶಿಕ್ಷೆಯಾದಾಗ ಅವನಿಗೆ ಒಂಬತ್ತು ವರ್ಷ.

ಮೊದಲ 11 ಹಡಗುಗಳ ನಂತರ ಕಳಿಸಿದ ಎರಡನೇ ಹಡಗು ದಂಡಿನಲ್ಲಿ ಮೇರಿ ಬಂದಿದ್ದಳು. ಅದೇ ತಿಂಗಳು ಆ ದಂಡಿನ ಉಳಿದ ಹಡಗುಗಳು ಬಂದವು. ಅದನ್ನು ನೆನೆಸಿಕೊಂಡರೆ ನನಗೆ ಮಾತೇ ಹೊರಡುವುದಿಲ್ಲ. ಗುತ್ತಿಗೆ ಹಿಡಿದದ್ದು ಗುಲಾಮರನ್ನು ಸಾಗಿಸಿ ಅನುಭವವಿದ್ದ ಲಂಡನ್ನಿನ ಒಂದು ಕಂಪನಿ. ಹಡಗು ಹತ್ತಿದ ತಲೆಗಿಷ್ಟು ಅಂತ ದುಡ್ಡು. ಜೀವಂತ ಇಳಿದವರ ಲೆಕ್ಕವನ್ನು ಯಾರೂ ಕೇಳುವಂತಿರಲಿಲ್ಲ. ಹೀಗಾಗಿ ಕೈದಿಗೆ ಕೊಡದೆ ಉಳಿಸಿದ ಪ್ರತಿ ತುತ್ತೂ ಲಾಭವೇ. ಸಂಕೋಲೆ ಬಿಗಿದು, ನೀರು ನಿಂತ ತಳದಲ್ಲಿ ಹಾಕಿದರು. ಸುಮಾರು ಸಾವಿರ ಜನರಲ್ಲಿ ಕಾಲು ಭಾಗ ದಾರಿಯಲ್ಲೇ ಸತ್ತರು. ಪಕ್ಕದವನು ಸತ್ತದ್ದನ್ನು ಮುಚ್ಚಿಟ್ಟು ಅವನ ಪಾಲಿನ ಊಟ ತಿಂದು ಜೀವ ಹಿಡಿದುಕೊಂಡವರಿದ್ದರು. ಸಿಡ್ನಿಯಲ್ಲಿ ಇಳಿಸಿದಾಗ ಎದ್ದು ನಿಲ್ಲಲಾಗದೆ ತೆವಳಿಕೊಂಡು ದಡ ಸೇರಿದರು. ಆಮೇಲೆ ಕಣ್ಣು ತೆರೆದ ಸರ್ಕಾರ, ಜೀವಂತ ಇಳಿದವರ ಲೆಕ್ಕಕ್ಕೂ ದುಡ್ಡು ಕೊಡುವ ಪದ್ಧತಿ ತಂದಿತು.

ಇನ್ನು ಕದಿಯದೇ ಬಂದವರೂ ಇದ್ದಾರೆ. ಒಟ್ಟು ಲೆಕ್ಕದಲ್ಲಿ ಅವರು ಕಡಿಮೆ, ಆದರೆ ನಾವು ಗೌರವ ಕೊಡಬೇಕಾದವರು. ಡಾರ್ಸೆಟ್‌ನ ಟೋಲ್‌ಪಡಲ್ ಅನ್ನುವ ಹಳ್ಳಿಯಲ್ಲಿ ಕೂಲಿಯನ್ನು ವಾರಕ್ಕೆ ಒಂಬತ್ತು ಶಿಲ್ಲಿಂಗ್‌ನಿಂದ ಏಳಕ್ಕೆ ಇಳಿಸಿದ್ದರು, ಆರಕ್ಕೆ ಇಳಿಸುವ ಮಾತೂ ಇತ್ತು. ಆರು ಮಂದಿ ಕೃಷಿ ಕೂಲಿಗಳು ಸಂಘ ಕಟ್ಟಿ, ಒಟ್ಟಿಗಿರುತ್ತೇವೆ ಅಂತ ಪ್ರಮಾಣ ಮಾಡಿದರು. ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ. ಅದಕ್ಕೆ ನೌಕಾಪಡೆಯ ದಂಗೆಯ ನಂತರ ಮಾಡಿದ್ದ 1797ರ, ಗುಟ್ಟಿನ ಪ್ರಮಾಣ ತಡೆಯುವ ಕಾನೂನನ್ನು ಹುಡುಕಿ ತೆಗೆದು, 1834ರಲ್ಲಿ ಏಳು ವರ್ಷ ಗಡಿಪಾರು ಮಾಡಿದರು. ಲಕ್ಷಾಂತರ ಜನ ಸಹಿ ಹಾಕಿ ಬೀದಿಗಿಳಿದ ಮೇಲೆ 1836ರಲ್ಲಿ ಕ್ಷಮಾದಾನ ಸಿಕ್ಕಿತು. ಓಟಿನ ಹಕ್ಕು ಕೇಳಿದ ಚಾರ್ಟಿಸ್ಟ್ ಚಳವಳಿಯ ವಿಲಿಯಂ ಕಫೆ ಒಬ್ಬ ದರ್ಜಿ, ಕೆರಿಬಿಯನ್ ದ್ವೀಪದಲ್ಲಿ ಗುಲಾಮನಾಗಿದ್ದವನ ಮಗ. ಅವನನ್ನೂ ಟ್ಯಾಸ್ಮೇನಿಯಾಕ್ಕೆ ಕಳಿಸಿದರು. ಐರ್ಲೆಂಡಿನ ಬಂಡಾಯಗಾರರಂತೂ ನೂರಾರು. ನಮ್ಮ ಮನೆಯಿಂದ ಸ್ವಲ್ಪ ದೂರದ ಕ್ಯಾಸಲ್ ಹಿಲ್‌ನಲ್ಲಿ 1804ರ ಮಾರ್ಚ್‌ನಲ್ಲಿ ಅವರೇ ದಂಗೆ ಎದ್ದದ್ದು. ಮುಂದಾಳು ಫಿಲಿಪ್ ಕನ್ನಿಂಗ್‌ಹ್ಯಾಮ್‌ನನ್ನು ವಿಚಾರಣೆಯಿಲ್ಲದೆ ಗಲ್ಲಿಗೇರಿಸಿದರು.

ಈಗ ಕರ್ನಾಟಕದವರು ಗಮನಿಸಲೇಬೇಕಾದ ಒಂದು ವಿಷಯಕ್ಕೆ ಬರುತ್ತೇನೆ. ಸಿಡ್ನಿಯಲ್ಲಿ ಎಲ್ಲಿ ನೋಡಿದರೂ ಮ್ಯಾಕ್ವಾರಿ ಅನ್ನುವ ಹೆಸರು. ರಸ್ತೆ, ವಿಶ್ವವಿದ್ಯಾಲಯ, ಬ್ಯಾಂಕು, ನದಿ, ಎಲ್ಲ. 1810ರಿಂದ 1821ರವರೆಗೆ ಇಲ್ಲಿ ಗವರ್ನರ್ ಆಗಿದ್ದ ಲಾಕ್ಲನ್ ಮ್ಯಾಕ್ವಾರಿಯ ಹೆಸರು ಅದು. ಅದೇ ಮ್ಯಾಕ್ವಾರಿ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ. ಟಿಪ್ಪು ಬಿದ್ದ ಮೇಲೆ ಕೋಟೆಯ ಸಂಪತ್ತನ್ನು ಲೂಟಿ ಹೊಡೆದು, ಸಿಂಹಾಸನವನ್ನೇ ತುಂಡು ಮಾಡಿ, ಹುದ್ದೆಯ ಪ್ರಕಾರ ಅಧಿಕೃತವಾಗಿ ಹಂಚಿಕೊಂಡರು. ಆ ಸೈನ್ಯದ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ ಬಂದ ಪಾಲು ಒಂದು ಲಕ್ಷ ಪೌಂಡಿಗೂ ಮೀರಿತ್ತು. ಮ್ಯಾಕ್ವಾರಿಗೂ ಪಾಲು ಸಿಕ್ಕಿತು. ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ಮ್ಯೂಸಿಯಂನಲ್ಲಿದೆ. ಒಂದು ರಾಜಧಾನಿಯನ್ನೇ ದೋಚಿದ್ದಕ್ಕೆ ಬಹುಮಾನದ ಹಣ ಅಂತ ಹೆಸರು. ಒಂದು ಮಗುವಿನ ಫ್ರಾಕ್ ಕದ್ದದ್ದಕ್ಕೆ ಗಲ್ಲು. ಇದು ಒಂದೇ ದೇಶದ, ಒಂದೇ ಕಾಲದ ಕಾನೂನು. ನಾವು ಶ್ರೀರಂಗಪಟ್ಟಣದ ಕಡೆಯವರು. ಕಳ್ಳ ಯಾರು ಅಂತ ತೀರ್ಮಾನ ಮಾಡುವಾಗ ಅವರು ಬರೆದಿಟ್ಟ ಪಟ್ಟಿಯನ್ನೇ ಹಿಡಿದುಕೊಂಡು ಕೂರಬೇಕಾ?

ಮ್ಯಾಕ್ವಾರಿ ಇಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಶಿಕ್ಷೆ ಮುಗಿಸಿದವರು ಎಲ್ಲರಂತೆ ಬದುಕಬಹುದು ಅಂತ ಅವನು ನಂಬಿದ್ದ. ನೌಕಾಪಡೆಯ ದಂಗೆಯಲ್ಲಿ ಸಿಕ್ಕಿಬಿದ್ದು ಬಂದಿದ್ದ ವಿಲಿಯಂ ರೆಡ್‌ಫರ್ನ್ ಡಾಕ್ಟರ್ ಆಗಿ ಹೆಸರು ಮಾಡಿದ. ಕೈದಿಯಾಗಿ ಬಂದ ಆಂಡ್ರ್ಯೂ ಥಾಂಪ್ಸನ್ ಮ್ಯಾಜಿಸ್ಟ್ರೇಟ್ ಆದ. ಕಾಗದ ಪತ್ರ ತಿದ್ದಿ ಗಲ್ಲು ಶಿಕ್ಷೆಗೆ ಗುರಿಯಾಗಿ, ಆಮೇಲೆ ಗಡಿಪಾರಾಗಿ ಬಂದ ಫ್ರಾನ್ಸಿಸ್ ಗ್ರೀನ್‌ವೇ ಈ ನಗರದ ಚೆಂದದ ಕಟ್ಟಡಗಳನ್ನು ಕಟ್ಟಿದ. ನಕಲಿ ಪತ್ರದ ಕೇಸಿನಲ್ಲಿ ಬಂದವನ ಮುಖವನ್ನು 1966ರಲ್ಲಿ ಈ ದೇಶ ತನ್ನ ಹತ್ತು ಡಾಲರ್ ನೋಟಿನ ಮೇಲೆ ಹಾಕಿತು. ಹುಡುಗಿಯಾಗಿದ್ದಾಗ ಕುದುರೆ ಕದ್ದ ಆರೋಪದಲ್ಲಿ ಬಂದು, ಹಡಗು ವ್ಯಾಪಾರದಲ್ಲಿ ದೊಡ್ಡವಳಾದ ಮೇರಿ ರೀಬಿ ಇವತ್ತೂ ಇಪ್ಪತ್ತು ಡಾಲರ್ ನೋಟಿನಲ್ಲಿದ್ದಾಳೆ. ನಮ್ಮ ಜನ ವಾರಾಂತ್ಯಕ್ಕೆ ಬ್ಲೂ ಮೌಂಟನ್ಸ್ ಬೆಟ್ಟಕ್ಕೆ ಕಾರು ಓಡಿಸುತ್ತಾರಲ್ಲ, ಆ ಬೆಟ್ಟ ದಾಟುವ ಮೊದಲ ದಾರಿಯನ್ನು 1814–15ರಲ್ಲಿ ಮೂವತ್ತು ಜನ ಕೈದಿಗಳು ಆರು ತಿಂಗಳಲ್ಲಿ ಕಡಿದರು. ಕೂಲಿ ಅಂತ ಸಿಕ್ಕಿದ್ದು ಬಿಡುಗಡೆ.

ಇಷ್ಟೆಲ್ಲ ಹೇಳಿ ಕೈದಿಗಳನ್ನು ದೇವರು ಮಾಡುವುದಕ್ಕೂ ನನಗೆ ಮನಸ್ಸಿಲ್ಲ. ಈ ನೆಲ ಖಾಲಿ ಇರಲಿಲ್ಲ. ಟೂಂಗಾಬಿ ದರುಗ್ ಅನ್ನುವ ಮೂಲನಿವಾಸಿ ಜನರದ್ದು. ಅವರ ಬೇಟೆ, ಅವರ ನದಿ, ಅವರ ಗೆಣಸು ಎಲ್ಲವನ್ನೂ ತೋಟ ನುಂಗಿತು. 1797ರ ಮಾರ್ಚ್‌ನಲ್ಲಿ ಪೆಮುಲ್ವುಯ್ ಅನ್ನುವ ವೀರ ಇದೇ ಟೂಂಗಾಬಿ ತೋಟದ ಮೇಲೆ ದಾಳಿ ಮಾಡಿದ. ಪ್ಯಾರಾಮಟಾದ ಕಾಳಗದಲ್ಲಿ ಗುಂಡು ತಗುಲಿ ಬಿದ್ದರೂ, ಕಾಲಿಗೆ ಹಾಕಿದ ಬೇಡಿಯ ಸಮೇತ ಆಸ್ಪತ್ರೆಯಿಂದ ತಪ್ಪಿಸಿಕೊಂಡ. 1802ರಲ್ಲಿ ಅವನನ್ನು ಕೊಂದು ತಲೆಯನ್ನು ಇಂಗ್ಲೆಂಡಿಗೆ ಕಳಿಸಿದರು. ಕೈದಿಗಳ ಬಗ್ಗೆ ಕರುಣೆ ತೋರಿದ ಮ್ಯಾಕ್ವಾರಿಯೇ 1816ರಲ್ಲಿ ಮೂಲನಿವಾಸಿಗಳ ಮೇಲೆ ಸೈನ್ಯ ಬಿಟ್ಟ. ಆ್ಯಪಿನ್‌ನಲ್ಲಿ ಕನಿಷ್ಠ 14 ಜನ ಸತ್ತರು, ಹೆಂಗಸರು ಮಕ್ಕಳೂ ಸೇರಿ. 1838ರ ಜೂನ್‌ನಲ್ಲಿ ಮಯಾಲ್ ಕ್ರೀಕ್‌ನಲ್ಲಿ ಕನಿಷ್ಠ 28 ಮೂಲನಿವಾಸಿಗಳನ್ನು ಕಡಿದು ಸುಟ್ಟವರಲ್ಲಿ ಹೆಚ್ಚಿನವರು ಕೈದಿಗಳು, ಮಾಜಿ ಕೈದಿಗಳು. ಏಳು ಜನರಿಗೆ ಗಲ್ಲಾಯಿತು. ಅವರ ಮುಂದಾಳಾಗಿದ್ದ ಜಾನ್ ಫ್ಲೆಮಿಂಗ್ ಕೈದಿಯಲ್ಲ, ಇಲ್ಲೇ ಹುಟ್ಟಿದ ಸ್ಥಿತಿವಂತ. ಅವನು ಸಿಗಲೇ ಇಲ್ಲ. ಏಟು ತಿಂದವನೇ ತನಗಿಂತ ಬಡಪಾಯಿ ಸಿಕ್ಕಾಗ ಏಟು ಕೊಟ್ಟ ಚರಿತ್ರೆ ಇದು. ಆಸ್ಟ್ರೇಲಿಯಾವನ್ನು ಪ್ರಶ್ನೆ ಮಾಡಬೇಕು ಅಂದರೆ ಇದನ್ನು ಕೇಳಿ. ಇದು ಕೇಳಲೇಬೇಕಾದ ಪ್ರಶ್ನೆ. ಇಲ್ಲಿನ ಜನರೂ ಪ್ರತಿ ಜನವರಿ 26ಕ್ಕೆ, ಆ ಬಾವುಟ ನೆಟ್ಟ ದಿನಕ್ಕೆ, ಕೇಳುತ್ತಾರೆ.

ಕ್ರಿಕೆಟ್ಟಿನ ಮಾತಿಗೇ ಬರೋಣ. ಕೊನೆಯ ಕೈದಿಗಳ ಹಡಗು ‘ಹೌಗೊಮಾಂಟ್’ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ ಬಂದದ್ದು 1868ರ ಜನವರಿಯಲ್ಲಿ. ಅದೇ ವರ್ಷ ಆಸ್ಟ್ರೇಲಿಯಾದಿಂದ ಮೊಟ್ಟಮೊದಲ ಕ್ರಿಕೆಟ್ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೋಯಿತು. ಆ ತಂಡದಲ್ಲಿ ಇದ್ದವರು ಮೂಲನಿವಾಸಿ ಆಟಗಾರರು. 47 ಪಂದ್ಯ ಆಡಿದರು. ಕಿಂಗ್ ಕೋಲ್ ಅನ್ನುವ ಆಟಗಾರ ಲಂಡನ್ನಿನಲ್ಲೇ ಕಾಯಿಲೆಯಿಂದ ಸತ್ತ. ತಂಡದ ದೊಡ್ಡ ಆಟಗಾರ ಜಾನಿ ಮುಲ್ಲಾ. ಅವನ ಹೆಸರಿನ ಪದಕವನ್ನು ಈಗ ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟ್‌ನ ಅತ್ಯುತ್ತಮ ಆಟಗಾರನಿಗೆ ಕೊಡುತ್ತಾರೆ. ಮೊದಲ ಪದಕ ಗೆದ್ದದ್ದು ಯಾರು ಗೊತ್ತಾ? 2020ರ ಡಿಸೆಂಬರ್‌ನಲ್ಲಿ ನಮ್ಮ ಅಜಿಂಕ್ಯ ರಹಾನೆ. ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆದ ಮೇಲೆ ಬಂದ ಆ ಶತಕವನ್ನು ನಾವ್ಯಾರೂ ಮರೆತಿಲ್ಲ. ಆ ಪದಕದ ಹಿಂದಿನ ಕಥೆಯನ್ನು ಎಷ್ಟು ಕನ್ನಡ ಪೇಜ್‌ಗಳು ಹಾಕಿದವು?

ರಕ್ತದ ಲೆಕ್ಕವೂ ಸುಮ್ನೆ ಹೇಳುವ ಮಾತು. 1851ರಲ್ಲಿ ಚಿನ್ನ ಸಿಕ್ಕ ಮೇಲೆ ಹತ್ತೇ ವರ್ಷದಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 4 ಲಕ್ಷದಿಂದ 11 ಲಕ್ಷ ದಾಟಿತು. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್, ವಿಯೆಟ್ನಾಂ, ಲೆಬನಾನ್ ಕಡೆಯಿಂದ ಲಕ್ಷಗಟ್ಟಲೆ ಜನ ಬಂದರು. 2021ರ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರ ಪೈಕಿ ಇಂಗ್ಲೆಂಡ್ ಬಿಟ್ಟರೆ ಭಾರತದವರೇ ಜಾಸ್ತಿ. ನಾಳೆ ಆ ಹಸಿರು ಟೋಪಿ ಹಾಕುವ ಹುಡುಗ ದಾವಣಗೆರೆಯಿಂದ ಬಂದವರ ಮಗನೇ ಆಗಿರಬಹುದು. ಅವನಿಗೆ ಯಾವ ಬೈಗುಳ ಇಟ್ಟುಕೊಂಡಿದ್ದೀರಿ?

ನನ್ನನ್ನು ಜಾಸ್ತಿ ಕಾಡುವ ಕಾರಣ ಬೇರೆಯೇ ಇದೆ. ಕಳ್ಳತನ ರಕ್ತದಲ್ಲಿ ಬರುತ್ತದೆ ಅನ್ನುವ ಮಾತನ್ನು ಬ್ರಿಟಿಷರು ನಮ್ಮ ಜನರ ಮೇಲೇ ಕಾನೂನಾಗಿ ಹೇರಿದ್ದರು. ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಕಳಿಸುವುದು ನಿಂತ ಮೂರೇ ವರ್ಷಕ್ಕೆ, 1871ರಲ್ಲಿ, ಉತ್ತರ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. 1911ರಲ್ಲಿ ಅದು ದೇಶಕ್ಕೆಲ್ಲ ಹರಡಿ ನಮ್ಮ ಕಡೆಗೂ ತಲುಪಿತು. ಒಂದು ಸಮುದಾಯದಲ್ಲಿ ಹುಟ್ಟಿದ್ದೇ ಅಪರಾಧ. ಹಾಜರಿ ಹಾಕಬೇಕು, ಅನುಮತಿ ಇಲ್ಲದೆ ಊರು ಬಿಡುವಂತಿಲ್ಲ. ಹುಬ್ಬಳ್ಳಿಯಲ್ಲಿ ಅಂಥವರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ್ದ ಜಾಗವನ್ನು ಜನ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. 1952ರಲ್ಲಿ ಕಾಯ್ದೆ ರದ್ದಾಯಿತು, ಆದರೆ ಊರಿನಲ್ಲಿ ಕಳವಾದರೆ ಪೊಲೀಸರು ಮೊದಲು ಯಾರ ಕೇರಿಗೆ ಹೋಗುತ್ತಾರೆ ಅಂತ ನಿಮಗೇ ಗೊತ್ತು. ಸ್ಟೀವ್ ಸ್ಮಿತ್‌ಗೆ ನಿಮ್ಮ ಕನ್ನಡದ ಕಾಮೆಂಟ್ ಓದಲು ಬರುವುದಿಲ್ಲ. ಆದರೆ ಆ ಸಮುದಾಯದ ನಮ್ಮ ಹುಡುಗ ಹುಡುಗಿಯರು ಓದುತ್ತಾರೆ. ಹುಟ್ಟಿನಿಂದಲೇ ಕಳ್ಳ ಅನ್ನುವುದು ಬೇರೆಯವರ ವಿಷಯದಲ್ಲಿ ತಮಾಷೆಯಾದರೆ, ಇವರ ವಿಷಯದಲ್ಲಿ ಅದನ್ನು ತಪ್ಪು ಅಂತ ಹೇಗೆ ಹೇಳುತ್ತೀರಿ?

ಗಡಿಪಾರೂ ನಮಗೆ ಹೊಸತಲ್ಲ. ಬ್ರಿಟಿಷರು ಭಾರತದ ಕೈದಿಗಳನ್ನು ಪೆನಾಂಗ್, ಸಿಂಗಾಪುರ, ಮಾರಿಷಸ್‌ಗೆ ಸಾಗಿಸಿದರು. 1858ರ ಮಾರ್ಚ್‌ನಿಂದ ಅಂಡಮಾನ್. ಕರಿನೀರಿನ ಶಿಕ್ಷೆಗೆ ಹೋದವರ ಮನೆತನವನ್ನು ಯಾರಾದರೂ ಕೈದಿಗಳ ಸಂತಾನ ಅಂದರೆ ನಾವು ಸುಮ್ಮನಿರುತ್ತೇವಾ?

ಮ್ಯಾಚ್ ನೋಡಲು ಈ ಕಡೆ ಬರುವವರಿಗೆ ಒಂದು ಮಾತು. ಕ್ಯಾನ್‌ಬೆರಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಕೈದಿಗಳ ತಾಮ್ರದ ನಾಣ್ಯಗಳಿವೆ, ಮುನ್ನೂರಕ್ಕೂ ಹೆಚ್ಚು. ಹಡಗು ಹತ್ತುವ ಮುಂಚೆ ಪೆನ್ನಿ ನಾಣ್ಯವನ್ನು ಉಜ್ಜಿ ಉಜ್ಜಿ, ರಾಜನ ಮುಖ ಅಳಿಸಿ, ಸವೆದ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಅಕ್ಷರ ಮೂಡಿಸುತ್ತಿದ್ದರು. ಹೆಂಡತಿಯ ಹೆಸರು, ತಾಯಿಯ ಹೆಸರು, ಶಿಕ್ಷೆಯ ವರ್ಷ, ಇದನ್ನು ನೋಡಿದಾಗ ನನ್ನನ್ನು ನೆನೆ ಅನ್ನುವ ಸಾಲು. ಮನೆಯವರ ಕೈಗೆ ಕೊಟ್ಟು ಹೋಗುತ್ತಿದ್ದರು. ಸಿಡ್ನಿಯಲ್ಲಾದರೆ ಹೈಡ್ ಪಾರ್ಕ್ ಬ್ಯಾರಕ್ಸ್ ನೋಡಿ. ಗ್ರೀನ್‌ವೇ ನಕ್ಷೆ ಹಾಕಿ, ಕೈದಿಗಳೇ 1819ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ. ಆರುನೂರು ಜನ ಸಾಲಾಗಿ ಕಟ್ಟಿದ ಜೋಲಿಗಳಲ್ಲಿ ಮಲಗಲಿ ಅಂತ ಕಟ್ಟಿದ್ದು. ಇಲಿಗಳು ಎಳೆದುಕೊಂಡು ಹೋಗಿ ನೆಲದ ಹಲಗೆಯ ಕೆಳಗೆ ಗೂಡು ಮಾಡಿದ್ದ ಬಟ್ಟೆ ಚೂರುಗಳು, ಒಂದು ಗೀಟಿನ ಅಂಗಿ ಸಮೇತ ಆಮೇಲೆ ಸಿಕ್ಕಿವೆ. ಕ್ರೀಡಾಂಗಣದಿಂದ ಬಹಳ ದೂರವೇನಲ್ಲ.

2011ರಲ್ಲಿ ನಮ್ಮ ಬೆಂಗಳೂರಿನ ದ್ರಾವಿಡ್ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಬ್ರಾಡ್‌ಮನ್ ಉಪನ್ಯಾಸ ಕೊಟ್ಟರು. ಆ ಗೌರವ ಸಿಕ್ಕ ಮೊದಲ ಹೊರದೇಶದ ಕ್ರಿಕೆಟಿಗ ಅವರು. ಎದುರಾಳಿಯ ದೇಶಕ್ಕೆ ಹೋಗಿ ಮೊದಲು ಅವರ ಚರಿತ್ರೆಯನ್ನು, ಎರಡೂ ದೇಶದ ಸೈನಿಕರು ಒಟ್ಟಿಗೆ ಹೋರಾಡಿದ್ದನ್ನು ನೆನೆಸಿಕೊಂಡು ಮಾತು ಶುರು ಮಾಡಿದರು. ಆಮೇಲೆ ಮೈದಾನದಲ್ಲಿ ಅವರಿಗೆ ಯಾರೂ ರಿಯಾಯಿತಿ ಕೊಡಲಿಲ್ಲ, ಅವರೂ ಕೇಳಲಿಲ್ಲ.

ನಾನು ಕೇಳುವುದು ಇಷ್ಟು. ಪೇಜ್ ನಡೆಸುವವರೇ, ಸಂಕೋಲೆ ಹಾಕಿದ ಕೈದಿಯ ಚಿತ್ರಕ್ಕೆ ಆಸ್ಟ್ರೇಲಿಯಾ ಆಟಗಾರರ ಮುಖ ಅಂಟಿಸಿದ ಮೀಮ್‌ಗಳು ಇನ್ನೂ ನಿಮ್ಮ ಪೇಜಿನಲ್ಲಿದ್ದರೆ ತೆಗೆದುಹಾಕಿ. ಮುಂದಿನ ಸರಣಿಯಲ್ಲಿ ಆ ಕಾಮೆಂಟ್ ಬಂದರೆ ಅಳಿಸಿ. ಪತ್ರಕರ್ತ ಮಿತ್ರರೇ, ತಲೆಬರಹದಲ್ಲಿ ‘ಕಳ್ಳಾಟ’ ಅಂತ ಬೇಕಾದರೆ ಹಾಕಿ, ಆಟದಲ್ಲಿ ಕಳ್ಳಾಟ ನಡೆದಿದ್ದರೆ. ಅಪ್ಪ ಅಜ್ಜನ ತನಕ ಹೋಗಬೇಡಿ. ಬಾಕ್ಸಿಂಗ್ ಡೇ ಟೆಸ್ಟ್ ಬಂದಾಗ ಜಾನಿ ಮುಲ್ಲಾ ಬಗ್ಗೆ ಅರ್ಧ ಕಾಲಂ ಬರೆಯಿರಿ. ಮಾಹಿತಿ ಬೇಕಿದ್ದರೆ ಹುಡುಕಿ ಕೊಡಲು ನಾನು ತಯಾರಿದ್ದೇನೆ, ಇಲ್ಲಿರುವ ಬೇರೆ ಕನ್ನಡಿಗರೂ ಕೈಜೋಡಿಸುತ್ತಾರೆ.

ಇಂತಿ ನಿಮ್ಮ,
ಟೂಂಗಾಬಿಯ ಒಬ್ಬ ಕನ್ನಡಿಗ